ಐದು ಕಚೇರಿ, ಎಂಟು ಲೈನು

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ದುರ್ಗಿಗುಡಿಯ ಒಂದೇ ಕಟ್ಟಡದಲ್ಲಿ ನಿಮ್ಮ ಐದು ಕಚೇರಿಗಳಿವೆ. ಎಲ್ಲರೂ ಸೇರಿ ಒಂದೇ ಟೆಲಿಫೋನ್ ವ್ಯವಸ್ಥೆ ಹಾಕಿಸಿಕೊಳ್ಳಬಹುದೇ ಎಂದು, ಇಂಥ ವ್ಯವಸ್ಥೆ ಹಾಕಿಕೊಡುವ ನನ್ನನ್ನು ಕೇಳಿದ್ದೀರಿ. ಧಾರಾಳವಾಗಿ ಹಾಕಿಸಿ. ಆದರೆ ಲೈನನ್ನು ಹಂಚಿಕೊಳ್ಳಿ, ಗುಟ್ಟನ್ನು ಹಂಚಿಕೊಳ್ಳಬೇಡಿ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟನ್ನೇ.

ಮೊದಲು ಲೈನಿನ ಲೆಕ್ಕ ನೋಡೋಣ. ಲೈನು ಅಂದರೆ ಒಂದು ಹೊತ್ತಿಗೆ ಹೊರಗಿನವರ ಜೊತೆ ಒಂದು ಕರೆ ನಡೆಯುವ ದಾರಿ. ಒಂದೊಂದು ಕಚೇರಿಗೆ ಆರು ಫೋನು, ಒಟ್ಟು ಮೂವತ್ತು. ಗಿರಾಕಿ ಹೆಚ್ಚಿರುವ ಹೊತ್ತಿನಲ್ಲಿ ಪ್ರತಿ ಫೋನಿನಲ್ಲೂ ಗಂಟೆಗೆ ಆರು ನಿಮಿಷ ಮಾತು ನಡೆಯುತ್ತದೆ ಅಂದುಕೊಳ್ಳಿ. ನೂರು ಕರೆಯಲ್ಲಿ ಒಂದಕ್ಕಿಂತ ಹೆಚ್ಚು ಕರೆಗೆ ಬಿಜಿ ಟೋನ್ ಸಿಗಬಾರದು. ಹೀಗಿದ್ದಾಗ, ಬೇರೆ ಬೇರೆಯಾಗಿ ಹಾಕಿಸಿದರೆ ಕಚೇರಿಗೆ ನಾಲ್ಕು ಲೈನು ಬೇಕು, ಐದು ಕಚೇರಿಗೆ ಇಪ್ಪತ್ತು. ಕೂಡಿ ಹಾಕಿಸಿದರೆ ಎಂಟು ಸಾಕು! ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರದ ಲೆಕ್ಕ ಇದು. ಇಂದಿಗೂ ಟೆಲಿಫೋನ್ ಇಂಜಿನಿಯರುಗಳು ಅದನ್ನೇ ಹಾಕುತ್ತಾರೆ. ನಮ್ಮ ಹಿರಿಯರು ಗದ್ದೆಗೊಂದು ಬಾವಿ ತೋಡಲಿಲ್ಲ. ಊರಿಗೊಂದು ಕೆರೆ ಕಟ್ಟಿ, ತೂಬಿಟ್ಟು, ನೀರು ಹಂಚುವ ನೀರಗಂಟಿಯ ಕೈಗೆ ಕೊಟ್ಟರು. ನಿಮ್ಮ ಕಟ್ಟಡದಲ್ಲಿ ಆ ನೀರಗಂಟಿಯ ಕೆಲಸ, ಖಾಲಿ ಇರುವ ಲೈನನ್ನು ಬೇಕಾದ ಫೋನಿಗೆ ಕೊಡುವ ಎಕ್ಸ್‌ಚೇಂಜ್ ಪೆಟ್ಟಿಗೆಯದು.

ಆದರೆ ಆ ಸೂತ್ರ ಒಂದನ್ನು ನಂಬಿಕೊಂಡಿದೆ: ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲ ಅಂತ. ಎಪಿಎಂಸಿ ಯಾರ್ಡಿನ ಐದು ಅಡಿಕೆ ಮಂಡಿಗಳು ಹೀಗೆ ಕೂಡಿಕೊಂಡರೆ ಆ ನಂಬಿಕೆ ಅಲ್ಲೇ ಮುರಿಯುತ್ತದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಆ ದಿನದ ಧಾರಣೆ ಹೊರಬಿದ್ದ ಕೂಡಲೇ ತೀರ್ಥಹಳ್ಳಿ, ಹೊಸನಗರ, ಸಾಗರದ ಬೆಳೆಗಾರರೆಲ್ಲ ಒಟ್ಟಿಗೇ ಫೋನ್ ಮಾಡುತ್ತಾರೆ. ಆಗ ಎಂಟು ಲೈನು ಎಲ್ಲಿಗೂ ಸಾಲದು. ನಿಮ್ಮದು ಹಾಗಲ್ಲ. ಆಡಿಟರ್ ಕಚೇರಿಗೆ ನೂಕುನುಗ್ಗಲು ಜುಲೈ ಕೊನೆಯಲ್ಲಿ. ತೋಟದ ಔಷಧಿ ಅಂಗಡಿಗೆ ಮುಂಗಾರಿಗೆ ಮುಂಚೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಎಲ್ಲರೂ ಮೈಲುತುತ್ತ ಕೇಳುವ ಕಾಲದಲ್ಲಿ. ಟ್ರಾವೆಲ್ಸ್‌ನವರಿಗೆ ಬೇಸಿಗೆ ರಜೆಯಲ್ಲಿ. ಒಬ್ಬರ ಸುಗ್ಗಿ ಇನ್ನೊಬ್ಬರ ಬಿಡುವು. ಕೂಡಿಕೊಳ್ಳಲು ಇಂಥವರೇ ತಕ್ಕವರು.

ಇನ್ನು ಗುಟ್ಟಿನ ಮಾತು. ಅಮೆರಿಕದ ಕ್ಯಾನ್ಸಾಸ್ ಸಿಟಿಯಲ್ಲಿ ಸ್ಟ್ರೌಜರ್ ಎಂಬಾತ ಶವಸಂಸ್ಕಾರದ ವೃತ್ತಿಯಲ್ಲಿದ್ದ. ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ತನ್ನ ಪೈಪೋಟಿದಾರನಿಗೆ ತಿರುಗಿಸುತ್ತಿದ್ದಾಳೆ ಎಂಬ ಗುಮಾನಿ ಅವನನ್ನು ಕಾಡುತ್ತಿತ್ತಂತೆ. ನಡುವೆ ಮನುಷ್ಯರೇ ಬೇಡವೆಂದು ಅವನು ರೂಪಿಸಿದ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ವ್ಯಾಪಾರಸ್ಥನ ಆ ಆತಂಕ ಇವತ್ತಿಗೂ ಹಾಗೇ ಇದೆ. ನನ್ನ ಗಿರಾಕಿ ಯಾರು, ಎಷ್ಟು ಹೊತ್ತು ಮಾತಾಡಿದ ಎಂಬುದು ಪಕ್ಕದ ಕೋಣೆಯವರಿಗೆ ಗೊತ್ತಾದರೆ, ಉಳಿಸಿದ ಹಣದಿಂದ ಏನು ಬಂತು?

ಅದಕ್ಕೇ ಪೆಟ್ಟಿಗೆ ಒಂದೇ ಇದ್ದರೂ ಒಳಗೆ ಗೋಡೆಗಳು ಎದ್ದಿರಬೇಕು. ನಾನು ಹಾಕುವುದು ಆಸ್ಟೆರಿಸ್ಕ್ ಎಂಬ ಉಚಿತ ಸಾಫ್ಟ್‌ವೇರ್. ಮಾರ್ಕ್ ಸ್ಪೆನ್ಸರ್ ಎಂಬ ಯುವಕ 1999ರಲ್ಲಿ ಇದನ್ನು ಬರೆದ. ಅವನ ಸಣ್ಣ ಕಂಪನಿಗೆ ಫೋನ್ ವ್ಯವಸ್ಥೆ ಕೊಳ್ಳುವಷ್ಟು ದುಡ್ಡಿರಲಿಲ್ಲ. ಇದರಲ್ಲಿ ಕಾಂಟೆಕ್ಸ್ಟ್ ಎಂಬ ಏರ್ಪಾಡಿದೆ, ಮನೆಯೊಳಗಿನ ಕೋಣೆ ಇದ್ದಂತೆ. ಮೊದಲ ಕಚೇರಿಯ ಫೋನುಗಳ ಒಳನಂಬರಿಗೆ 100ರ ಸಾಲು, ಎರಡನೆಯದಕ್ಕೆ 200ರ ಸಾಲು, ಹೀಗೆ. ಬಾಗಿಲಿಡದ ಹೊರತು ಒಂದು ಕೋಣೆಯಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ. ಪ್ರತಿ ಕಚೇರಿಗೂ 08182ರಿಂದ ಶುರುವಾಗುವ ಅದರದ್ದೇ ನಂಬರ್ ಇರಲಿ. ಹೊರಹೋಗುವ ಕರೆಯಲ್ಲೂ ಆ ಕಚೇರಿಯ ನಂಬರೇ ಕಾಣಲಿ. ಕರೆಗಳ ಪಟ್ಟಿ, ರೆಕಾರ್ಡಿಂಗ್ ಎಲ್ಲ ಅವರವರ ಬೀಗದೊಳಗೇ ಇರಬೇಕು. ಅಡ್ಮಿನ್ ಪಾಸ್‌ವರ್ಡ್ ಐವರಲ್ಲಿ ಯಾರ ಕೈಗೂ ಹೋಗಬಾರದು ಎಂದು ನಾನು ಪಟ್ಟು ಹಿಡಿಯುತ್ತೇನೆ.

ಎಲ್ಲರಿಗೂ ಸೇರಿ ಒಬ್ಬರೇ ರಿಸೆಪ್ಷನಿಸ್ಟ್ ಇದ್ದರೆ ಸಾಕು. ಎತ್ತುವ ಮುಂಚೆಯೇ ಯಾವ ಕಚೇರಿಯ ಕರೆ ಎಂಬುದು ಪರದೆಯ ಮೇಲೆ ಕಾಣುತ್ತದೆ, ಆ ಹೆಸರು ಹೇಳಿಯೇ ನಮಸ್ಕಾರ ಅನ್ನಬಹುದು. ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎಂಬ ಧ್ವನಿ ನನಗೆ ಇಷ್ಟವಿಲ್ಲ. ತೋಟದಂಚಿನ ದಿಬ್ಬ ಹತ್ತಿ, ಸಿಗ್ನಲ್ ಹುಡುಕಿ ಫೋನ್ ಮಾಡಿದ ರೈತನಿಗೆ ಮೊದಲು ಕೇಳಬೇಕಾದದ್ದು ಮನುಷ್ಯರ ದನಿ.

ಸುರಕ್ಷತೆಯ ವಿಷಯದಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಿಂದೆ ಒಂದು ಕಡೆ 101ನೇ ಫೋನಿಗೆ 101 ಎಂದೇ ಪಾಸ್‌ವರ್ಡ್ ಇಟ್ಟಿದ್ದೆ. ಇಂಟರ್‌ನೆಟ್ಟಿನಲ್ಲಿ ಫೋನ್ ಕರೆಗಳ ಬಾಗಿಲಾದ 5060ನೇ ಪೋರ್ಟನ್ನು ತಟ್ಟುತ್ತಾ ಅಲೆಯುವ ಕಳ್ಳರು ಹಗಲಿರುಳೂ ಇರುತ್ತಾರೆ. ಒಂದು ಭಾನುವಾರ ರಾತ್ರಿಯೆಲ್ಲ ಆ ಲೈನಿನಿಂದ ವಿದೇಶಕ್ಕೆ ಕರೆಗಳು ಹೋದವು. ಸೋಮವಾರ ಬೆಳಿಗ್ಗೆ ಆ ಕಚೇರಿಯವರ ಮುಂದೆ ನಿಂತದ್ದು ನನಗಿನ್ನೂ ಮರೆತಿಲ್ಲ. ಆಮೇಲೆ ವಿದೇಶಿ ಕರೆಯನ್ನು ಮುಚ್ಚಿಟ್ಟೇ ಶುರುಮಾಡುತ್ತೇನೆ, ಬೇಕೆಂದು ಬರೆದುಕೊಟ್ಟವರಿಗೆ ಮಾತ್ರ ತೆರೆಯುತ್ತೇನೆ.

ಮಲೆನಾಡಿನಲ್ಲಿ ಕಳ್ಳರಷ್ಟೇ ಹೆದರಿಕೆ ಸಿಡಿಲಿನದ್ದು. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಉದ್ದನೆಯ ತಾಮ್ರದ ತಂತಿ ಅಪಾಯವನ್ನು ಮನೆಯೊಳಕ್ಕೇ ಕರೆತರುತ್ತದೆ. ಹಿಂದಿನ ಗೋದಾಮಿಗೂ ಫೋನ್ ಬೇಕೆಂದಿದ್ದೀರಿ. ಅಲ್ಲಿಗೆ ತಾಮ್ರ ಎಳೆಯಬೇಡಿ, ಫೈಬರ್ ಎಳೆಯಿರಿ; ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಇಡೀ ಕಟ್ಟಡಕ್ಕೆ ಸರಿಯಾದ ಒಂದೇ ಅರ್ಥಿಂಗ್ ಇರಲಿ. ನೆಟ್‌ವರ್ಕ್ ತಂತಿಯಲ್ಲೇ ಫೋನಿಗೆ ಕರೆಂಟ್ ಕೊಡುವ ಪಿಒಇ ಸ್ವಿಚ್ ತಂದು ಯುಪಿಎಸ್‌ಗೆ ಜೋಡಿಸಿದರೆ, ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಮೂವತ್ತೂ ಫೋನು ಜೀವಂತ.

ಇಂಟರ್‌ನೆಟ್ ವೇಗದ ಚಿಂತೆ ಬೇಡ. ಒಂದು ಕರೆಗೆ ಸೆಕೆಂಡಿಗೆ ಸುಮಾರು 87 ಕಿಲೋಬಿಟ್, ಎಂಟಕ್ಕೂ ಒಂದು ಮೆಗಾಬಿಟ್ ಒಳಗೇ ಮುಗಿಯುತ್ತದೆ. ಆದರೆ ಯಾರೋ ದೊಡ್ಡ ಫೈಲ್ ಕಳಿಸಲು ಕೂತರೆ ಮಾತು ತುಂಡಾಗುತ್ತದೆ. ರೌಟರಿನಲ್ಲಿ ದನಿಗೇ ಮೊದಲ ದಾರಿ ಬಿಡಿಸಬೇಕು.

ಕಾಗದಪತ್ರ ಮರೆಯಬೇಡಿ. ಒಬ್ಬರ ಹೆಸರಿನ ಲೈನನ್ನು ಲೈಸೆನ್ಸ್ ಇಲ್ಲದೆ ಇನ್ನೊಬ್ಬರಿಗೆ ಮಾರುವಂತಿಲ್ಲ. ಐದು ಕಂಪನಿಗಳು ಬಳಸುತ್ತೇವೆಂದು ಟೆಲಿಕಾಂ ಕಂಪನಿಗೆ ಮೊದಲೇ ಬರೆದು ತಿಳಿಸಿ, ಅವರ ಒಪ್ಪಿಗೆ ಬರವಣಿಗೆಯಲ್ಲೇ ಪಡೆಯಿರಿ.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು. ಸೋಮವಾರದಿಂದ ಶನಿವಾರದವರೆಗೆ ಪ್ರತಿ ಫೋನಿನ ಪಕ್ಕ ಒಂದು ನೋಟುಪುಸ್ತಕ ಇಟ್ಟು, ಕರೆ ಬಂದ ಇಲ್ಲವೇ ಮಾಡಿದ ಹೊತ್ತು, ಮಾತಾಡಿದ ನಿಮಿಷ ಎರಡನ್ನೂ ಬರೆದಿಡಿ. ಹೆಸರು ಬೇಡ. ನಾನು ಹೇಳಿದ ಆರು ನಿಮಿಷ ಬರೀ ಅಂದಾಜು, ನಿಮ್ಮದು ಮೂರಿರಬಹುದು, ಹತ್ತೂ ಇರಬಹುದು. ಮುಂದಿನ ಭಾನುವಾರ ಪುಸ್ತಕಗಳೊಂದಿಗೆ ಬನ್ನಿ, ಎಂಟು ಲೈನೋ ಹನ್ನೆರಡೋ ಎಂದು ಇಲ್ಲೇ ಕೂತು ಕೂಡಿಸೋಣ.