ಒಂದೇ ತಾಯಿಯ ಭಾಷೆಗಳು, ಬೇರೆ ಬೇರೆ ಭೂತಕಾಲ

ಶ್ರೋತೃಗಳಿಗೆ ನಮಸ್ಕಾರ.

‘ಸಹಾಯ ಮಾಡು’, ‘ಸಾಯು’ ಎಂಬ ಎರಡು ಸಾಧಾರಣ ಅರ್ಥಗಳನ್ನು ಎತ್ತಿಕೊಂಡು ಸ್ವೀಡಿಷ್ ಮತ್ತು ಡ್ಯಾನಿಷ್ ಭಾಷೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ‘ಸಹಾಯ ಮಾಡಿದ’ ಎನ್ನಲು ಡ್ಯಾನಿಷ್ ಜನ ಹಳೆಯ ರೀತಿಯಲ್ಲೇ ಧಾತುವಿನ ಸ್ವರವನ್ನು ಬದಲಿಸಿ ‘ಯಾಲ್ಪ್’ ಎನ್ನುತ್ತಾರೆ. ಸ್ವೀಡಿಷ್ ಜನ ಸ್ವರವನ್ನು ಮುಟ್ಟದೆ ಪ್ರತ್ಯಯವೊಂದನ್ನು ಹಚ್ಚಿ ‘ಯೆಲ್ಪ್ಟೆ’ ಎನ್ನುತ್ತಾರೆ. ‘ಸತ್ತ’ ಎನ್ನುವಲ್ಲಿ ಇದು ತಿರುವುಮುರುವು. ಸ್ವೀಡಿಷ್ ಹಳೆಯ ‘ಡೂಗ್’ ರೂಪವನ್ನು ಉಳಿಸಿಕೊಂಡಿದೆ, ಡ್ಯಾನಿಷ್ ಪ್ರತ್ಯಯದ ದಾರಿ ಹಿಡಿದು ‘ಡೋಡೆ’ ಎನ್ನುತ್ತದೆ. ಇವುಗಳ ತಾಯಿಯಾದ ಹಳೆಯ ನಾರ್ಸ್ ಭಾಷೆಯಲ್ಲಿ ಈ ಎರಡೂ ಧಾತುಗಳು ಸ್ವರ ಬದಲಿಸುವ ಗುಂಪಿನಲ್ಲೇ ಇದ್ದವು. ಒಂದೇ ಮೂಲದಿಂದ ಬಂದ ನೆರೆಭಾಷೆಗಳಲ್ಲಿ ಒಂದು ಬಿಟ್ಟುದನ್ನು ಇನ್ನೊಂದು ಉಳಿಸಿಕೊಂಡಿದೆ. ಹೀಗಾಗಿ ಕ್ರಿಯಾಪದಗಳು ಕಾಲಕ್ರಮದಲ್ಲಿ ಸರಳವಾಗುತ್ತ ಹೋಗುತ್ತವೆ ಎಂಬ ಮಾತನ್ನು ಅರ್ಧ ಸತ್ಯವೆಂದಷ್ಟೇ ಒಪ್ಪಬೇಕಾಗುತ್ತದೆ.

ಕನ್ನಡದಲ್ಲಿ ‘ಮಾಡು’ ಎಂಬುದು ‘ಮಾಡಿದ’ ಎಂದು ನೇರವಾಗಿ ನಡೆಯುತ್ತದೆ, ‘ಬೀಳು’ ಎಂಬುದು ‘ಬಿದ್ದ’ ಎಂದು ಒಳಗಿನಿಂದಲೇ ಮಾರ್ಪಡುತ್ತದೆ. ಸ್ವೀಡಿಷ್, ಜರ್ಮನ್, ಇಂಗ್ಲಿಷ್ ಮೊದಲಾದ ಜರ್ಮಾನಿಕ್ ಭಾಷೆಗಳಲ್ಲಿ ಸ್ವರ ಬದಲಿಸುವ ಧಾತುಗಳಿಗೆ ‘ಪ್ರಬಲ’ವೆಂದೂ ಪ್ರತ್ಯಯ ಹಚ್ಚಿಕೊಳ್ಳುವವುಗಳಿಗೆ ‘ದುರ್ಬಲ’ವೆಂದೂ ಹೆಸರಿಟ್ಟವನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ಯಾಕೊಬ್ ಗ್ರಿಮ್. ನನಗಂತೂ ಈ ಹೆಸರುಗಳು ಅಷ್ಟು ಹಿಡಿಸುವುದಿಲ್ಲ, ಏಕೆಂದರೆ ಭಾಷೆಗೆ ಹೊಸದಾಗಿ ಬಂದ ಧಾತುಗಳು ಸಾಮಾನ್ಯವಾಗಿ ‘ದುರ್ಬಲ’ರ ಪಂಕ್ತಿಯಲ್ಲೇ ಕೂರುತ್ತವೆ, ಇತ್ತೀಚಿನ ‘ಗೂಗ್ಲ’ ಎಂಬ ಧಾತು ಕೂಡ ಸ್ವೀಡಿಷ್‌ನಲ್ಲಿ ಸದ್ದಿಲ್ಲದೆ ‘ಗೂಗ್ಲಡೆ’ ಎಂದಾಯಿತು.

ಹಳೆಯ ನಾರ್ಸ್‌ನ ಪ್ರಬಲ ಧಾತುಗಳಿಗೆ ಏಳು ವರ್ಗಗಳಿದ್ದವು. ಭೂತಕಾಲದ ಏಕವಚನಕ್ಕೂ ಬಹುವಚನಕ್ಕೂ ಎಷ್ಟೋ ಕಡೆ ಬೇರೆ ಬೇರೆ ಸ್ವರಗಳೇ ಇದ್ದವು. ಐಸ್ಲ್ಯಾಂಡಿಕ್‌ನಲ್ಲಿ ಈ ಭೇದ ಇಂದಿಗೂ ಜೀವಂತವಾಗಿದೆ: ‘ಕಚ್ಚಿದೆ’ ಎನ್ನಲು ‘ಬೇಯ್ಟ್’, ‘ಕಚ್ಚಿದೆವು’ ಎನ್ನಲು ‘ಬಿಟುಮ್’. ಸ್ವೀಡಿಷ್ ಮಾತಿನಲ್ಲಿ ಬಹುವಚನ ರೂಪಗಳು ಬಹುಮಟ್ಟಿಗೆ ಅಳಿದುಹೋದ ಬಹುಕಾಲದ ಮೇಲೂ ಬರಹ ಅವುಗಳನ್ನು ಬಿಟ್ಟುಕೊಡಲಿಲ್ಲ. ‘ನಾನು ಕಂಡುಕೊಂಡೆ’ ಎಂಬುದಕ್ಕೆ ‘ಫನ್’ ಎಂದು, ‘ನಾವು ಕಂಡುಕೊಂಡೆವು’ ಎಂಬುದಕ್ಕೆ ‘ಫುನ್ನೊ’ ಎಂದು ಬರೆಯುವುದನ್ನು ಮಕ್ಕಳು ಶಾಲೆಯಲ್ಲಿ ಅಭ್ಯಾಸ ಮಾಡಬೇಕಿತ್ತು, ಮನೆಗೆ ಬಂದು ಎರಡಕ್ಕೂ ‘ಫನ್’ ಎಂದೇ ಆಡುತ್ತಿದ್ದರು. 1945ರಲ್ಲಿ ಸ್ವೀಡನ್ನಿನ ಸುದ್ದಿಸಂಸ್ಥೆ ಟಿಟಿ ಬಹುವಚನ ರೂಪಗಳನ್ನು ಕೈಬಿಟ್ಟ ಮೇಲೆ ಪತ್ರಿಕೆಗಳ ಬರಹವೂ ಜನರ ಬಾಯಿಮಾತಿನ ಹತ್ತಿರಕ್ಕೆ ಬಂದಿತು.

ಹಾಗಾದರೆ ಐಸ್ಲ್ಯಾಂಡಿಕ್ ಏನನ್ನೂ ಕಳೆದುಕೊಂಡಿಲ್ಲವೇ? ಹಳೆಯದನ್ನೆಲ್ಲ ಜೋಪಾನ ಮಾಡಿದ ಭಾಷೆಯೆಂದು ಹೆಸರಾದ ಅದರಲ್ಲೇ ‘ಸಹಾಯ ಮಾಡು’ ಧಾತು ದುರ್ಬಲವಾಗಿದೆ. ಹಳೆಯ ‘ಹಲ್ಪ್’ ಬಳಕೆಯಿಂದ ಹೋಗಿ, ಅದರ ಕೃದಂತ ಮಾತ್ರ ‘ಅಪಾಯದಿಂದ ಪಾರಾದ’ ಎಂಬರ್ಥದ ವಿಶೇಷಣವಾಗಿ ಉಳಿದಿದೆ. ಇಂಥ ಪಳೆಯುಳಿಕೆಗಳು ಬೇರೆಡೆಯೂ ಸಿಗುತ್ತವೆ. ‘ಬೆಳೆ’ ಎಂಬರ್ಥದ ಧಾತು ಐಸ್ಲ್ಯಾಂಡಿಕ್‌ನಲ್ಲಿ ‘ವಕ್ಸಾ, ಓಕ್ಸ್’ ಎಂದು ಹಳೆಯ ಗತ್ತಿನಲ್ಲೇ ನಡೆದರೆ, ಸ್ವೀಡಿಷ್‌ನಲ್ಲಿ ಅದರ ಭೂತಕಾಲ ‘ವೆಕ್ಸ್ಟೆ’ ಆಗಿದೆ; ಆದರೂ ಪ್ರಾಯಕ್ಕೆ ಬಂದ ವ್ಯಕ್ತಿಯನ್ನು ಸ್ವೀಡಿಷ್ ಜನ ‘ವುಕ್ಸೆನ್’ ಎಂದು ಹಳೆಯ ಪ್ರಬಲ ಕೃದಂತದಿಂದಲೇ ಕರೆಯುತ್ತಾರೆ.

ಯಾವುದು ಉಳಿಯುತ್ತದೆ, ಯಾವುದು ಸವೆಯುತ್ತದೆ ಎಂಬುದಕ್ಕೆ ಬಳಕೆಯೇ ಮುಖ್ಯ ಕಾರಣ. ‘ಹೋಗು’ ಎಂಬರ್ಥದ ‘ಗೋ’ ಧಾತುವಿನ ಭೂತಕಾಲ ಸ್ವೀಡಿಷ್‌ನಲ್ಲಿ ‘ಯಿಕ್’. ಪುಟ್ಟ ಮಕ್ಕಳು ಲೆಕ್ಕಾಚಾರ ಹಾಕಿದವರಂತೆ ‘ಗೊಡ್ಡೆ’ ಎನ್ನುವುದುಂಟು. ‘ವಾಸಿಸು’ ಎಂಬರ್ಥದ ‘ಬೂ’ ಎಂಬುದು ‘ಬುಡ್ಡೆ’ ಆಗುವಾಗ ಇದೇಕೆ ಆಗಬಾರದು? ಆದರೆ ‘ಯಿಕ್’ ದಿನಕ್ಕೆ ಹತ್ತಾರು ಬಾರಿ ಕಿವಿಗೆ ಬೀಳುವುದರಿಂದ ಮಕ್ಕಳು ಬೇಗನೆ ತಿದ್ದಿಕೊಳ್ಳುತ್ತಾರೆ. ಅಪರೂಪದ ಧಾತುವಿಗೆ ಈ ಕಾವಲಿಲ್ಲ. ಹಳೆಯ ರೂಪ ನೆನಪಿಗೆ ಬಾರದಿದ್ದಾಗ ಮಾತಾಡುವವರು ನಿಯಮದ ಮೊರೆಹೋಗುತ್ತಾರೆ.

ಎದುರು ದಿಕ್ಕಿನ ಪಯಣವೂ ನಡೆದಿದೆ, ಅದೇ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. ‘ಬರೆ’ ಎಂಬರ್ಥದ ‘ಸ್ಕ್ರೀವ’ ಮೂಲತಃ ಲ್ಯಾಟಿನ್ನಿನ ಸಾಲ. ಹಳೆಯ ನಾರ್ಸ್‌ನಲ್ಲಿ ಅದು ದುರ್ಬಲ ಧಾತು; ಐಸ್ಲ್ಯಾಂಡಿಕ್‌ನಲ್ಲಿ ಈಗಲೂ ಹಾಗೆಯೇ. ಆದರೆ ಮಧ್ಯಯುಗದಲ್ಲಿ ಉತ್ತರ ಜರ್ಮನಿಯ ವ್ಯಾಪಾರಿ ನಗರಗಳ ಒಕ್ಕೂಟವಾದ ಹಾನ್ಸಾದ ವರ್ತಕರು ಬರ್ಗನ್, ವಿಸ್ಬಿ, ಸ್ಟಾಕ್‌ಹೋಮ್‌ಗಳಲ್ಲಿ ನೆಲೆನಿಂತ ಕಾಲದಲ್ಲಿ ಅವರ ಕೆಳ ಜರ್ಮನ್ ಮಾತಿನಲ್ಲಿ ಈ ಧಾತು ಪ್ರಬಲವಾಗಿತ್ತು. ಆ ಪ್ರಭಾವದಿಂದಲೂ, ‘ಕಚ್ಚು’ ಎಂಬರ್ಥದ ‘ಬೀಟ, ಬೇಟ್’ ಮಾದರಿಯ ಸೆಳೆತದಿಂದಲೂ ಸ್ವೀಡಿಷ್, ಡ್ಯಾನಿಷ್, ನಾರ್ವೇಜಿಯನ್‌ಗಳಲ್ಲಿ ಅದು ‘ಸ್ಕ್ರೇವ್’ ಎಂಬ ಭೂತಕಾಲವನ್ನು ಪಡೆಯಿತು.

ನಾರ್ವೆಯಲ್ಲಿ ಇದಕ್ಕೆ ಇನ್ನೊಂದು ಮಡಿಕೆ ಸೇರಿತು. 1814ರವರೆಗೆ ಆ ದೇಶ ಡೆನ್ಮಾರ್ಕ್‌ನೊಡನೆ ಒಂದೇ ಅರಸೊತ್ತಿಗೆಯಡಿ ಇದ್ದು, ಬರಹದ ಭಾಷೆ ಡ್ಯಾನಿಷ್ ಆಗಿತ್ತು. ಮುಂದೆ ಈವಾರ್ ಆಸೆನ್ ಹಳ್ಳಿಗಳನ್ನು ಸುತ್ತಿ, ಅಲ್ಲಿನ ಆಡುನುಡಿಗಳನ್ನು ಆಧರಿಸಿ ಮತ್ತೊಂದು ಬರಹಭಾಷೆಯನ್ನು ಕಟ್ಟಿದ. ಅದೇ ಇಂದಿನ ನೀನೋರ್ಸ್ಕ್. ಅದರಲ್ಲಿ ‘ಬರೆದ’ ಎನ್ನಲು ‘ಸ್ಕ್ರೇಯ್ವ್’ ಎನ್ನಬೇಕು. ನಾರ್ವೆಯ ಇನ್ನೊಂದು ಬರಹಭಾಷೆಯಾದ, ಡ್ಯಾನಿಷ್ ಮೂಲದ ಬೂಕ್‌ಮೋಲ್‌ನಲ್ಲಿ ‘ಸ್ಕ್ರೇವ್’, ‘ಸ್ಕ್ರೇಯ್ವ್’ ಎರಡೂ ಒಪ್ಪಿತ ರೂಪಗಳೇ ಆಗಿರುವುದರಿಂದ, ಎರಡನೆಯದನ್ನು ಆರಿಸಿಕೊಂಡವನ ಒಲವು ಹಳ್ಳಿಯ ಆಡುನುಡಿಯ ಕಡೆಗಿದೆಯೆಂದು ಓದುವವರು ಆ ಒಂದು ಸ್ವರದಿಂದಲೇ ಊಹಿಸಿಬಿಡುತ್ತಾರೆ.