ನಂದಿಯಷ್ಟೇ ಎತ್ತರ, ಮಂಡಿಯುದ್ದ ಹಿಮ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಟ್ಟ ಹತ್ತುವುದು ಬಿಟ್ಟು ಬಸವನಗುಡಿಗೆ ಬಂದು ಕೂತಿದ್ದೀರಿ. ಹಾಗಾಗಿ ಬೆಟ್ಟದ ಮಾತನ್ನೇ ಆಡೋಣ.

ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರ್. ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಫೆಲ್ಡ್‌ಬರ್ಗ್ ಅಂತ ಒಂದು ಬೆಟ್ಟವಿದೆ. ಆ ಸಾಲಿನಲ್ಲೆಲ್ಲ ದೊಡ್ಡದು ಅದೇ. ಎತ್ತರ ಎಷ್ಟು ಗೊತ್ತಾ? 1,493 ಮೀಟರ್. ನಂದಿಗಿಂತ ಹದಿನೈದು ಮೀಟರ್ ಜಾಸ್ತಿ, ಅಷ್ಟೇ. ಮುಳ್ಳಯ್ಯನಗಿರಿಯ ಪಕ್ಕ ನಿಲ್ಲಿಸಿದರೆ ಕುಳ್ಳ. ಆದರೆ ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಅದು 48ರ ಹತ್ತಿರ. ಜನವರಿಯಲ್ಲಿ ನಾವು ನಂದಿಯ ಮೇಲೆ ಸ್ವೆಟರ್ ಹಾಕಿಕೊಂಡು ಕಾಫಿ ಕುಡಿಯುತ್ತಿರುವಾಗ ಅಲ್ಲಿ ಮಂಡಿ ಮುಳುಗುವಷ್ಟು ಹಿಮ ಇರುತ್ತದೆ. ಹೌದು, ಬೇಕರಿ ಕೇಕಿನ ಹೆಸರಲ್ಲಿರುವ ಕಾಡೇ ಅದು.

ಆ ಕಾಡಿನ ದಕ್ಷಿಣ ಭಾಗ 1999ರಿಂದ ನೇಚರ್ ಪಾರ್ಕ್. ನಮ್ಮ ನಾಗರಹೊಳೆಯ ತರಹ ಬೇಲಿ, ಗೇಟು ಅಂದುಕೊಳ್ಳಬೇಡಿ. ಒಳಗೆ ಊರುಗಳಿವೆ, ದನ ಮೇಯುತ್ತವೆ, ಬಸ್ಸು ಓಡುತ್ತದೆ. ಫೆಲ್ಡ್‌ಬರ್ಗ್ ಸುತ್ತಲಿನ ಜಾಗ ಮಾತ್ರ 1937ರಿಂದಲೇ ಸಂರಕ್ಷಿತ. ಅಲ್ಲಿ ನಿಯಮ ಬಿಗಿ.

ಹಿಮದ ಮೇಲೆ ನಡೆಯಲು ಎರಡು ಉಪಾಯ. ಒಂದು ಸ್ನೋಶೂ. ಬೂಟಿನ ಕೆಳಗೆ ಅಗಲವಾದ ಚೌಕಟ್ಟು ಕಟ್ಟಿಕೊಂಡರೆ ನಿಮ್ಮ ಭಾರ ಹರಡಿಹೋಗುತ್ತದೆ, ಕಾಲು ಹೂತುಹೋಗುವುದಿಲ್ಲ. ಬೆರಳಿನ ಕೆಳಗೆ ಲೋಹದ ಹಲ್ಲುಗಳಿರುತ್ತವೆ, ಅವು ಗಟ್ಟಿ ಹಿಮವನ್ನು ಕಚ್ಚುತ್ತವೆ. ಕಲಿಯಲು ಹತ್ತು ನಿಮಿಷ ಸಾಕು. ಕಾಲು ಸ್ವಲ್ಪ ಅಗಲಿಸಿ ನಡೆಯಬೇಕು, ಹಿಂದಕ್ಕೆ ಹೆಜ್ಜೆ ಇಡಬಾರದು. ಫೋಟೋಗೆ ನಿಂತವರು ‘ಸ್ವಲ್ಪ ಹಿಂದೆ ಹೋಗಿ’ ಅಂದ ಕೂಡಲೇ ಹಿಮ್ಮಡಿ ಸಿಕ್ಕಿಕೊಂಡು ಕೂತುಬಿಡುತ್ತಾರೆ.

ಇನ್ನೊಂದು ಸ್ಕೀ ಟೂರಿಂಗ್. ಇದರಲ್ಲಿ ಬೆಟ್ಟದ ಮೇಲಕ್ಕೆ ಎಳೆದೊಯ್ಯುವ ಲಿಫ್ಟ್ ಇಲ್ಲ. ಸ್ಕೀ ಮೇಲೇ ಹತ್ತಬೇಕು, ಸ್ಕೀ ಮೇಲೇ ಇಳಿಯಬೇಕು. ಹತ್ತುವಾಗ ಬೂಟಿನ ಹಿಮ್ಮಡಿ ಸ್ಕೀಯಿಂದ ಬಿಡಿಯಾಗಿರುತ್ತದೆ, ಇಳಿಯುವಾಗ ಲಾಕ್. ಜಾರುವ ಹಲಗೆ ಕಟ್ಟಿಕೊಂಡು ಮೇಲಕ್ಕೆ ಹೋಗುವುದು ಹೇಗೆ? ಅದರ ತಳಕ್ಕೆ ‘ಸ್ಕಿನ್’ ಅಂಟಿಸುತ್ತಾರೆ. ಹಿಂದೆ ಸೀಲ್ ಪ್ರಾಣಿಯ ಚರ್ಮ ಇತ್ತು, ಈಗ ನೈಲಾನ್ ಅಥವಾ ಅಂಗೋರಾ ಮೇಕೆಯ ಕೂದಲು. ಬೆಕ್ಕಿನ ಮೈ ಸವರಿದ ಹಾಗೆ: ಒಂದು ದಿಕ್ಕಿಗೆ ನುಣುಪು, ಎದುರು ದಿಕ್ಕಿಗೆ ಸವರಿದರೆ ಕೂದಲು ಎದ್ದು ನಿಲ್ಲುತ್ತದೆ. ಅದಕ್ಕೇ ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ತುದಿ ಮುಟ್ಟಿದ ಮೇಲೆ ಕಿತ್ತು ಮಡಚಿಡಬೇಕು. ಆ ಗಾಳಿಯಲ್ಲಿ ಗ್ಲೌಸ್ ತೆಗೆದರೆ ಬೆರಳು ಮರಗಟ್ಟುತ್ತದೆ. ತೆಗೆಯದಿದ್ದರೆ ಅಂಟಿನ ಕಡೆ ಒಂದಕ್ಕೊಂದು ಮೆತ್ತಿಕೊಂಡು ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಫೆಲ್ಡ್‌ಬರ್ಗ್‌ಗೆ ಇದು ಹೊಸದೇನಲ್ಲ. 1891ರಲ್ಲಿ ಪಿಲೆ ಎಂಬ ಫ್ರೆಂಚ್ ರಾಜತಾಂತ್ರಿಕ ಅದನ್ನು ಸ್ಕೀ ಮೇಲೆ ಹತ್ತಿದ. ಅದೇ ವರ್ಷ ಪಕ್ಕದ ಟೋಟ್ನೌ ಊರಿನಲ್ಲಿ ಸ್ಕೀ ಕ್ಲಬ್ಬೂ ಶುರುವಾಯಿತು. 1908ರಲ್ಲಿ ಶೋಲಾಖ್ ಊರಿನ ಹೋಟೆಲಿನವರೊಬ್ಬರು ನೀರಿನ ಗಿರಣಿಯ ಬಲದಿಂದ ಓಡುವ ಲಿಫ್ಟ್ ಮಾಡಿದರು. ಜಗತ್ತಿನ ಮೊದಲ ಸ್ಕೀ ಲಿಫ್ಟ್ ಅದೇ ಎನ್ನುತ್ತಾರೆ. ಈಗ ಜನ ಲಿಫ್ಟ್ ಬೇಡ ಅಂತ ಮತ್ತೆ ಬೆವರು ಸುರಿಸಿ ಹತ್ತುತ್ತಿದ್ದಾರೆ!

ಈಗ ಮುಖ್ಯ ವಿಷಯ. ಕುಮಾರಪರ್ವತಕ್ಕೆ ಹೋದರೆ ದಾರಿ ಬಿಟ್ಟು ಹೋಗಲು ನಿಮಗೆ ಆಗುವುದೇ ಇಲ್ಲ. ಮುಳ್ಳು, ಪೊದೆ, ಜಿಗಣೆ ಬಿಡಬೇಕಲ್ಲ. ಹಿಮ ಬಿದ್ದರೆ ಅದೆಲ್ಲ ಮುಚ್ಚಿಹೋಗುತ್ತದೆ. ಕಾಲಲ್ಲಿ ಸ್ನೋಶೂ ಇದ್ದರೆ ಇಡೀ ಬೆಟ್ಟವೇ ದಾರಿ. ಎಲ್ಲಿ ಹೋಗಬಾರದು ಅಂತ ಕಾಡು ಹೇಳುವುದಿಲ್ಲ. ನೀವೇ ತೀರ್ಮಾನಿಸಬೇಕು.

ಮೊದಲು ನಿಮ್ಮ ಜೀವದ ಮಾತು. ‘ಇಷ್ಟು ಗಿಡ್ಡ ಬೆಟ್ಟದಲ್ಲಿ ಎಂಥ ಹಿಮಕುಸಿತ’ ಅನ್ನಿಸುತ್ತದೆ, ಅಲ್ವಾ? 1844ರಲ್ಲಿ ಇದೇ ಬ್ಲ್ಯಾಕ್ ಫಾರೆಸ್ಟ್‌ನಲ್ಲಿ ಒಂದು ತೋಟದ ಮನೆಯ ಮೇಲೆ ಹಿಮ ಕುಸಿದು 17 ಜನ ಸತ್ತರು. 2015ರ ಜನವರಿ ಕೊನೆಯಲ್ಲಿ ಒಂದೇ ದಿನ ಎರಡು ಕಡೆ ಹಿಮ ಜಾರಿ ಸ್ಕೀಗೆ ಹೋಗಿದ್ದ ಇಬ್ಬರು ತೀರಿಕೊಂಡರು. ಫೆಲ್ಡ್‌ಬರ್ಗ್‌ನ ತಲೆ ಬೋಳು. ಪಶ್ಚಿಮದ ಗಾಳಿ ಅಲ್ಲಿನ ಹಿಮವನ್ನು ಗುಡಿಸಿ ಆಚೆ ಮಗ್ಗುಲಿಗೆ ಒಟ್ಟುತ್ತದೆ. ಅಲ್ಲಿ ಹಿಮ ಚಪ್ಪಡಿ ಕಟ್ಟುತ್ತದೆ, ಅಡಿಯ ಪದರ ಸಡಿಲ ಇದ್ದರೆ ಒಬ್ಬರ ಭಾರಕ್ಕೂ ಬಿರುಕು ಬಿಡಬಹುದು. ಇಂಥ ಕುಸಿತ ಹೆಚ್ಚಾಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಸ್ಕೀ ಮಾಡಲು ಮಜಾ ಕೊಡುವುದೂ ಅದೇ ಇಳಿಜಾರು. ಸಿಕ್ಕಿಬಿದ್ದವರಲ್ಲಿ ಬಹುಪಾಲು ಜನರ ಮೇಲೆ ಹಿಮ ಕೆಡವಿದ್ದು ಅವರೇ, ಇಲ್ಲವೇ ಅವರ ಜೊತೆಯವರು.

ಕಾಡೊಳಗಿದ್ದರೆ ಭಯವಿಲ್ಲ ಅನ್ನುವುದು ಅರ್ಧ ನಿಜ. ದಟ್ಟ ಸ್ಪ್ರೂಸ್ ಕಾಡಿನಲ್ಲಿ ಕೊಂಬೆಗಳು ಹಿಮವನ್ನು ತಡೆದು ಮುದ್ದೆಮುದ್ದೆಯಾಗಿ ಕೆಳಗೆ ಬೀಳಿಸುತ್ತವೆ, ಒಂದೇ ಸಮನಾದ ಪದರ ಕಟ್ಟುವುದಿಲ್ಲ. ಆದರೆ ಆರಾಮವಾಗಿ ಸ್ಕೀ ಮಾಡುವಷ್ಟು ಮರಗಳ ನಡುವೆ ಜಾಗ ಇದ್ದರೆ ಹಿಮ ಜಾರಲೂ ಜಾಗ ಇದೆ ಅಂತಲೇ ಲೆಕ್ಕ. ಹಿಮದಡಿ ಸಿಕ್ಕವರನ್ನು ಹುಡುಕಿ ತೆಗೆಯಲು ಮೂರು ಸಾಮಾನು: ಸಿಗ್ನಲ್ ಕಳಿಸುವ, ಹಿಡಿಯುವ ಟ್ರಾನ್ಸೀವರ್, ಚುಚ್ಚಿ ನೋಡುವ ಉದ್ದ ಕೋಲು, ಸಲಿಕೆ. ಮೂರೂ ಇರಬೇಕು, ಜೊತೆಯವರ ಹತ್ತಿರವೂ ಇರಬೇಕು. ಮುಚ್ಚಿಹೋದವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆಯದಿದ್ದರೆ ಬದುಕುವ ಆಸೆ ಬೇಗ ಬೇಗ ಇಳಿಯುತ್ತದೆ. ಹೊರಗಿನಿಂದ ಸಹಾಯ ಬರುವ ತನಕ ಕಾಯಲು ಟೈಮ್ ಇರುವುದಿಲ್ಲ.

ಇನ್ನು ಕಾಡಿನವರ ಜೀವ. ಅಲ್ಲಿ ಕ್ಯಾಪರ್‌ಕೇಲಿ ಎಂಬ ದೊಡ್ಡ ಕಾಡುಕೋಳಿ ಇದೆ. ಹುಂಜ ನಾಲ್ಕು ಕಿಲೋ ದಾಟುತ್ತದೆ. ಚಳಿಗಾಲದಲ್ಲಿ ಅದರ ಊಟ ಪೈನ್, ಫರ್ ಮರಗಳ ಸೂಜಿಎಲೆ. ಅದರಲ್ಲಿ ಸತ್ವ ಕಮ್ಮಿ. ಆದ್ದರಿಂದ ಹಕ್ಕಿ ಹೆಚ್ಚು ಅಲ್ಲಾಡದೆ ಕೂತು ದಿನ ದೂಡುತ್ತದೆ. ನಾವು ಫ್ರೆಶ್ ಹಿಮ ಕಂಡಿತು ಅಂತ ಸುಮ್ನೆ ಒಳಗೆ ನುಗ್ಗಿದರೆ ಅದು ದಡಬಡ ಎದ್ದು ಹಾರಬೇಕು. ದಕ್ಷಿಣ ಬ್ಲ್ಯಾಕ್ ಫಾರೆಸ್ಟ್‌ನಲ್ಲೇ ಸಂಶೋಧಕರು ಇದರ ಹಿಕ್ಕೆ ಆರಿಸಿ ಪರೀಕ್ಷಿಸಿದ್ದಾರೆ. ಸ್ಕೀ ಓಡಾಟದ ಹತ್ತಿರ ಇದ್ದ ಹಕ್ಕಿಗಳಲ್ಲಿ ಒತ್ತಡದ ಹಾರ್ಮೋನ್ ಜಾಸ್ತಿ ಇತ್ತು. ಹಕ್ಕಿ ಹಾರಲಿಲ್ಲ, ಹಾಗಾಗಿ ತೊಂದರೆ ಆಗಲಿಲ್ಲ ಅನ್ನುವಂತಿಲ್ಲ ಅಂತಾಯಿತು. ಕೆಂಪು ಜಿಂಕೆಯದ್ದೂ ಇದೇ ಕಥೆ. ಚಳಿಗಾಲದಲ್ಲಿ ಅದು ಎದೆಬಡಿತ ಇಳಿಸಿಕೊಂಡು, ಕಾಲುಗಳನ್ನು ತಣ್ಣಗಾಗಲು ಬಿಟ್ಟು ಶಕ್ತಿ ಉಳಿಸುತ್ತದೆ. ಅದನ್ನು ಓಡಿಸಿದರೆ ಉಳಿಸಿದ್ದೆಲ್ಲ ಖರ್ಚು.

ಒಂದೇ ಗುರುತಿನ ದಾರಿಯಲ್ಲಿ ಎಲ್ಲರೂ ಹೋದರೆ ಪ್ರಾಣಿಗಳಿಗೆ ಅಂದಾಜು ಸಿಗುತ್ತದೆ. ಅದಕ್ಕೇ ಅಲ್ಲಿ ಕಂಬ ನೆಟ್ಟ ಸ್ನೋಶೂ ದಾರಿಗಳು. ನಮ್ಮವರಿಗೆ ಸ್ಕಂದಗಿರಿಯ ರಾತ್ರಿ ಚಾರಣದ ರೂಢಿ. ತಲೆಗೆ ಟಾರ್ಚ್ ಕಟ್ಟಿಕೊಂಡು ಸೂರ್ಯೋದಯಕ್ಕೆ ಹೊರಟುಬಿಡುತ್ತೇವೆ. ದಯವಿಟ್ಟು ಆ ಅಭ್ಯಾಸವನ್ನು ಅಲ್ಲಿಗೆ ಕೊಂಡೊಯ್ಯಬೇಡಿ. ನಸುಕು ಮತ್ತು ಮುಸ್ಸಂಜೆ ಹಕ್ಕಿಗಳು ತಿನ್ನುವ ಹೊತ್ತು. ಇನ್ನೊಂದು, ಕಾಡಲ್ಲಿ ಎರಡು ಗೆರೆ ಕೊರೆದ ನೀಟಾದ ಹಾದಿ ಕಂಡರೆ ಅದರ ಮೇಲೆ ಸ್ನೋಶೂ ಇಡಬೇಡಿ. ಅದು ಕ್ರಾಸ್‌ಕಂಟ್ರಿ ಸ್ಕೀ ಮಾಡುವವರದ್ದು. ಬೈಗುಳ ಗ್ಯಾರಂಟಿ, ಜರ್ಮನ್ ಬರದಿದ್ದರೂ ಅರ್ಥವಾಗುತ್ತದೆ.

ಜರ್ಮನಿಗೆ ಹೋಗುವವರು ನಿಮ್ಮಲ್ಲಿ ಕೆಲವರಷ್ಟೇ. ಉತ್ತರಾಖಂಡದ ಕೇದಾರಕಂಠ ಬೆಟ್ಟಕ್ಕೆ ಹೋಗುವವರು ಬಹಳ ಜನ. ಅದು ಸುಮಾರು 3,800 ಮೀಟರ್, ಗೋವಿಂದ ವನ್ಯಧಾಮದ ಒಳಗೆ. ಅಲ್ಲಿ ಮೊನಾಲ್ ಹಕ್ಕಿ, ಕಸ್ತೂರಿಮೃಗ ಇವೆ. ಚಂಡೀಗಢದ ಡಿಜಿಆರ್‌ಇ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಾಲಯಕ್ಕೆ ಜಿಲ್ಲಾವಾರು ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಬುಕಿಂಗ್ ಮಾಡುವಾಗ ಟೆಂಟು, ಊಟ, ಜಾಕೆಟ್ ಬಾಡಿಗೆ ಎಲ್ಲ ವಿಚಾರಿಸುತ್ತೀರಿ. ಅದರ ಜೊತೆಗೆ, ‘ನಿಮ್ಮ ಲೀಡರ್ ಈ ಮುನ್ಸೂಚನೆ ನೋಡುತ್ತಾರಾ, ಅಪಾಯ ಇದ್ದರೆ ಯಾವ ದಾರಿ ಬಿಡುತ್ತಾರೆ’ ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ಹುಡುಕಿ.

ಸ್ಕಿನ್ ಮತ್ತು ಒಂದು ಜೊತೆ ಸ್ನೋಶೂ ಅಲ್ಲಿ ಮೇಜಿನ ಮೇಲಿವೆ, ಮುಟ್ಟಿ ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.