ಮೂರು ದಾಳ, 216 ದಾರಿ: ಯಾದೃಚ್ಛಿಕ ಚಲಕ ಎಂದರೆ ನಿಜಕ್ಕೂ ಏನು?

[ತೆರೆಯ ಮೇಲೆ: ಕೆಂಪು, ಹಸಿರು, ಹಳದಿ ಬಣ್ಣದ ಮೂರು ದಾಳಗಳು ಉರುಳಿ ನಿಲ್ಲುತ್ತವೆ]

ನಮಸ್ಕಾರ. ಸಂಖ್ಯಾಶಾಸ್ತ್ರ ಓದುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಬೀಜಗಣಿತದ ಎಕ್ಸ್ ಹುಡುಕಿದರೆ ಸಿಗುತ್ತದೆ. ಸಂಭವನೀಯತೆಯ ಪಾಠದಲ್ಲಿ ಬರುವ ದೊಡ್ಡ ಎಕ್ಸ್ ಎಷ್ಟು ಹುಡುಕಿದರೂ ಸಿಗುವುದಿಲ್ಲವಲ್ಲ, ಅದರ ಬೆಲೆ ಎಷ್ಟು?"

ಈ ಗೊಂದಲಕ್ಕೆ ಹೆಸರೇ ಕಾರಣ ಎಂದು ನಾನು ನಂಬುತ್ತೇನೆ. ಆ ದೊಡ್ಡ ಎಕ್ಸ್‌ಗೆ ಪಾಠದಲ್ಲಿರುವ ಹೆಸರು 'ಯಾದೃಚ್ಛಿಕ ಚಲಕ'. ಹಾಗೆಂದ ಕೂಡಲೇ ಎಲ್ಲೋ ಅಡಗಿ ಕುಳಿತು ಬೆಲೆ ಬದಲಿಸುತ್ತಿರುವ ಸಂಖ್ಯೆಯೊಂದು ಮನಸ್ಸಿಗೆ ಬರುತ್ತದೆ. ನಿಜದಲ್ಲಿ ಅದೊಂದು ನಿಯಮ. ಪ್ರಯೋಗದ ಪ್ರತಿಯೊಂದು ಫಲಿತಾಂಶಕ್ಕೂ ಒಂದು ಸಂಖ್ಯೆಯನ್ನು ಅಂಟಿಸುವ ನಿಯಮ. 'ಮೂರು ದಾಳಗಳನ್ನು ಎಸೆ, ಮೇಲೆ ಬಂದ ಚುಕ್ಕಿಗಳನ್ನು ಕೂಡು' ಎಂಬುದು ಇಂದಿನ ನಮ್ಮ ದೊಡ್ಡ ಎಕ್ಸ್. ಎಸೆದ ಮೇಲೆ ಸಿಗುವ 9, 14, 5 ಇವೆಲ್ಲ ಚಿಕ್ಕ ಎಕ್ಸ್. ನಿಯಮದಲ್ಲಿ ಅದೃಷ್ಟದ ಸುಳಿವೇ ಇಲ್ಲ. ಅದೃಷ್ಟವೆಲ್ಲ ದಾಳ ಉರುಳುವುದರಲ್ಲಿದೆ.

ಸಂಭವನೀಯತೆ 0 ಮತ್ತು 1ರ ನಡುವೆ ಇರುತ್ತದೆ, ಎಲ್ಲವನ್ನೂ ಕೂಡಿದರೆ 1 ಆಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅಲ್ಲಿ ನಿಲ್ಲುವುದಿಲ್ಲ. ನನಗೆ ಬಹಳ ಇಷ್ಟವಾದ ಒಂದು ಒಗಟು ಕಾಯುತ್ತಿದೆ.

[ತೆರೆಯ ಮೇಲೆ: ಗೆಲಿಲಿಯೊ ಭಾವಚಿತ್ರ]

17ನೇ ಶತಮಾನದ ಆರಂಭ, ಇಟಲಿ. ಅಲ್ಲಿನ ದಾಳದ ಆಟಗಾರರಿಗೆ ಒಂದು ವಿಷಯ ಕಾಡುತ್ತಿತ್ತು. ಮೂರು ದಾಳಗಳಿಂದ 9 ಬರಲು ಆರು ಬಗೆಗಳಿವೆ: 6-2-1, 5-3-1, 5-2-2, 4-4-1, 4-3-2, 3-3-3. 10 ಬರಲೂ ಸರಿಯಾಗಿ ಆರೇ: 6-3-1, 6-2-2, 5-4-1, 5-3-2, 4-4-2, 4-3-3. ಹಾಗಿದ್ದ ಮೇಲೆ ಎರಡೂ ಸಮನಾಗಿ ಬೀಳಬೇಕು. ಆದರೆ ದೀರ್ಘಕಾಲ ಆಡಿದವರ ಅನುಭವದಲ್ಲಿ 10ರ ಕೈ ಮೇಲಾಗಿತ್ತು. ಪ್ರಶ್ನೆ ಗೆಲಿಲಿಯೊ ಬಳಿಗೆ ಬಂತು.

ಅವರ ಉತ್ತರ ನೋಡಲು ದಾಳಗಳ ಬಣ್ಣ ಗಮನಿಸಿ. 4-3-2 ಎಂದು ಒಂದೇ ಸಾಲಿನಲ್ಲಿ ಬರೆದುಬಿಟ್ಟೆವು. ಆದರೆ 4 ಕೆಂಪಿನ ಮೇಲೆ ಬರಬಹುದು, ಹಸಿರಿನ ಮೇಲೆ ಬರಬಹುದು, ಹಳದಿಯ ಮೇಲೂ ಬರಬಹುದು. ಉಳಿದೆರಡೂ ಹಾಗೆಯೇ ಜಾಗ ಬದಲಿಸಿಕೊಳ್ಳುತ್ತವೆ. ಒಟ್ಟು ಆರು ದಾರಿ. 4-4-1ಕ್ಕೆ ಮೂರೇ ದಾರಿ, ಏಕೆಂದರೆ 1 ಯಾವ ದಾಳದ ಮೇಲೆ ಬಂತು ಎಂಬುದಷ್ಟೇ ಬದಲಾಗುತ್ತದೆ. ಇನ್ನು 3-3-3? ಬಣ್ಣಗಳನ್ನು ಹೇಗೆ ಅದಲುಬದಲು ಮಾಡಿದರೂ ಅದು ಅದೇ. ಒಂದೇ ದಾರಿ!

[ತೆರೆಯ ಮೇಲೆ: 6+6+3+3+6+1 = 25; 6+3+6+6+3+3 = 27]

9ಕ್ಕೆ 25 ದಾರಿಗಳು, 10ಕ್ಕೆ 27. ಒಟ್ಟು ದಾರಿಗಳು 6 × 6 × 6, ಅಂದರೆ 216. 3-3-3 ಎಂಬ ಆ ಒಂಟಿ ಸಾಲೇ 9ನ್ನು ಹಿಂದೆ ಎಳೆದದ್ದು.

ಇಲ್ಲಿ ಇನ್ನೂ ಒಂದು ಕ್ಷಣ ನಿಲ್ಲಬೇಕು. ಅಂತರ 216ರಲ್ಲಿ ಕೇವಲ 2. ಸಾವಿರ ಸಲ ಎಸೆದರೆ 9 ಸುಮಾರು 116 ಬಾರಿ, 10 ಸುಮಾರು 125 ಬಾರಿ ಬರುತ್ತದೆಂದು ನಿರೀಕ್ಷಿಸಬಹುದು. ಅಷ್ಟು ಎಸೆದರೂ ಕೆಲವೊಮ್ಮೆ 9 ಮುಂದಿರುವುದು ಸಹಜ. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳಬೇಕಾದರೆ ಆ ಆಟಗಾರರು ಎಷ್ಟು ಸಾವಿರ ಎಸೆತಗಳನ್ನು ಕಂಡಿರಬೇಕು! ಸೂತ್ರ ತಿಳಿಯದ ಅವರ ಗಮನಿಕೆಯನ್ನು ನಾನು ಮನಸಾರೆ ಗೌರವಿಸುತ್ತೇನೆ.

[ತೆರೆಯ ಮೇಲೆ: 3ರಿಂದ 18ರವರೆಗಿನ ಸ್ತಂಭಾಲೇಖ]

ಈಗ 'ವಿತರಣೆ' ಎಂಬ ಮಾತಿಗೆ ಬರೋಣ. ಕನ್ನಡದಲ್ಲಿ ಇದರ ಅರ್ಥ ಹಂಚುವುದು, ಮತ್ತು ಇಲ್ಲಿ ನಡೆಯುವುದೂ ಅದೇ. 216 ಸಮತೂಕದ ಚೀಟಿಗಳಿವೆ. 3ರಿಂದ 18ರವರೆಗೆ 16 ಮನೆಗಳಿವೆ. ದೊಡ್ಡ ಎಕ್ಸ್ ಎಂಬ ನಿಯಮ ಪ್ರತಿ ಚೀಟಿಯನ್ನು ಅದರ ಮನೆಗೆ ತಲುಪಿಸುತ್ತದೆ. 3ಕ್ಕೆ ಒಂದೇ ಚೀಟಿ, 18ಕ್ಕೂ ಒಂದೇ. 10 ಮತ್ತು 11ಕ್ಕೆ ತಲಾ 27. ಯಾವ ಮನೆಗೆ ಎಷ್ಟು ಪಾಲು ಎಂಬ ಪಟ್ಟಿಯೇ ಸಂಭವನೀಯತಾ ವಿತರಣೆ. ನಿಯಮ ಮತ್ತು ಹಂಚಿಕೆ, ಇವೆರಡನ್ನು ಬೇರೆ ಬೇರೆಯಾಗಿ ಹಿಡಿದುಕೊಳ್ಳುವ ಮೊದಲೇ ಮಕ್ಕಳ ಕೈಗೆ ಸೂತ್ರಗಳನ್ನು ಕೊಡುವುದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರತಿ ಮೊತ್ತವನ್ನೂ ಅದರ ಪಾಲಿನಿಂದ (10ಕ್ಕಾದರೆ 27/216) ಗುಣಿಸಿ ಕೂಡಿದರೆ ಬರುವುದು ನಿರೀಕ್ಷಿತ ಮೌಲ್ಯ, ಇಲ್ಲಿ 10.5. ಮೂರು ದಾಳಗಳ ಮೊತ್ತ ಎಂದಿಗೂ 10.5 ಆಗದು, ಆದರೆ ಬಹಳ ಸಲ ಎಸೆದಾಗ ಸರಾಸರಿ ಅದರ ಹತ್ತಿರಕ್ಕೇ ಹೋಗುತ್ತದೆ. ಮೊತ್ತಗಳು ಅದರ ಸುತ್ತ ಎಷ್ಟು ಚದುರಿವೆ ಎಂದು ಅಳೆಯುವುದು ಮಾನಕ ವಿಚಲನೆ. ಇಲ್ಲಿ ಸುಮಾರು 2.96. ಎತ್ತರ, ತೂಕ, ಕಾಲದಂತಹ ಅವಿಚ್ಛಿನ್ನ, ಅಂದರೆ ನಡುವಿನ ಯಾವ ಬೆಲೆಯನ್ನಾದರೂ ತಾಳಬಲ್ಲ ಚಲಕಗಳಲ್ಲಿ ಬಿಡಿಬಿಡಿ ಮನೆಗಳಿಲ್ಲ. ಅಲ್ಲಿ ಯಾವುದೇ ಒಂದು ನಿಖರ ಬೆಲೆಯ ಸಂಭವನೀಯತೆ 0. ಸ್ತಂಭಗಳ ಬದಲು ಒಂದು ವಕ್ರರೇಖೆ ಇರುತ್ತದೆ. ಎರಡು ಬೆಲೆಗಳ ನಡುವೆ ಆ ವಕ್ರರೇಖೆಯ ಕೆಳಗಿರುವ ವಿಸ್ತೀರ್ಣವೇ ಸಂಭವನೀಯತೆ. ಅದಕ್ಕೆ ಪ್ರತ್ಯೇಕ ವಿಡಿಯೋ ಬೇಕು, ಮಾಡುತ್ತೇನೆ.

[ತೆರೆಯ ಮೇಲೆ: ಎರಡು ದಾಳಗಳು]

ಹೋಗುವ ಮೊದಲು ನಿಮಗೊಂದು ಕೆಲಸ. ಈ ಸಲ ಎರಡೇ ದಾಳ, 36 ಚೀಟಿ. ನಿಯಮವನ್ನು ಬದಲಿಸೋಣ: ಕೂಡಬೇಡಿ, ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ಮನೆಗಳು 0ಯಿಂದ 5ರವರೆಗೆ ಆರು. ಎಲ್ಲಕ್ಕಿಂತ ದೊಡ್ಡ ಪಾಲು ಯಾವ ಮನೆಗೆ? 0 ಎಂದು ಅನ್ನಿಸಿದರೆ ಕಾಗದದ ಮೇಲೆ ಆರು ಸಾಲು, ಆರು ಕಂಬಸಾಲಿನ ಚೌಕ ಬರೆದು, ಒಂದೊಂದೇ ಚೀಟಿಯನ್ನು ಹಂಚಿ ನೋಡಿ. 0ಗೆ ಬರುವುದು 6. ಅದರ ಪಕ್ಕದ 1ರ ಮನೆಗೆ ಎಷ್ಟು ಬಂತು ಎಂಬುದನ್ನು ಕೆಳಗೆ ಬರೆಯಿರಿ.